ಹಿಂದುಮುಂದಾದ ರೆಕ್ಕೆ

ಮಾರ್ಚ್ ೯, ಸೋಮವಾರ. ಸಾನ್ ಕಾರ್ಲೋಸ್.

ತಾತನ ಟೋಪಿ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಇಂದು ಸಂಜೆ ನನ್ನ ಘನವೆತ್ತ ಶಾರ್ಕು ನಮ್ಮೂರ ಸರೋವರದಲ್ಲಿ ಅವತರಿಸಿತು. ಹಲಗೆಯನ್ನು ಬೆನ್ನಿನ ರೆಕ್ಕೆಯಂತೆ ಕೊರೆದು, ಮಸಿ ಬಳಿದು, ದಿಮ್ಮಿಗೆ ಮೊಳೆ ಹೊಡೆದು, ಗೆಳೆಯ ವಿಲ್ಮರನ ದೋಣಿಯ ಹಿಂದೆ ಕಟ್ಟಿ ಎಳೆಸಿದೆ. ಬಟ್ಟೆ ಒಗೆಯುತ್ತಿದ್ದ ಮೆಲ್ಬಾ ಅತ್ತೆ, "ಅಯ್ಯೋ ಮಾತೆ ಮರಿಯಾ, ಶಾರ್ಕು!" ಎಂದು ಸಾಬೂನು ಹಿಡಿದುಕೊಂಡೇ ಓಡಿದಳು.

ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆದಿತ್ತು. ಆದರೆ ದಡದಲ್ಲಿದ್ದ ತಾತ ಓಡಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡು, ಶವಪೆಟ್ಟಿಗೆ ಹಾದುಹೋಗುವಾಗ ನಿಲ್ಲುವಂತೆ ನಿಂತ. ಹರೆಯದಲ್ಲಿ ಈ ಸರೋವರದ ಶಾರ್ಕುಗಳ ರೆಕ್ಕೆ ಕೊಯ್ದು ಮಾರಿ ಬದುಕಿದವನು ಅವನು. ಈಗ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ. "ಲೋ ಮಂಗ, ರೆಕ್ಕೆ ಹಿಂದುಮುಂದು ಹೊಡ್ದಿದ್ದೀಯ. ಶಾರ್ಕು ಹಿಂದಕ್ಕೆ ಈಜತ್ತೇನೋ?"

"ಗೊತ್ತಿದ್ದೂ ಟೋಪಿ ಯಾಕೆ ತೆಗ್ದೆ, ತಾತ?"

"ಆಗ ಕೊಯ್ಯೋವಾಗ ಒಂದಕ್ಕೂ ತೆಗೀಲಿಲ್ವಲ್ಲೋ. ಅವು ಈ ಸಿಹಿನೀರಲ್ಲೇ ಹುಟ್ಟಿ ಸಾಯೋ ಜಾತಿ, ನಾವೇ ಪೂರಾ ಮುಗಿಸಿಬಿಟ್ವಿ ಅಂದ್ಕೊಂಡಿದ್ದೆ. ಹಾಗಲ್ವಂತೆ. ಸಮುದ್ರದ್ದೇ ಅಂತೆ, ನದಿ ಹತ್ಕೊಂಡು ಬಂದು ಸಿಹಿನೀರಲ್ಲೂ ಬದುಕ್ತಾವಂತೆ."

ಬಾಗಿಲ ಕಡೆ ತಿರುಗಿ, "ಅಂದ್ರೆ, ಇನ್ನೂ ಬರಬಹುದು," ಎಂದ.

ಆಮೇಲೆ ತಟ್ಟೆ ಮುಟ್ಟಲಿಲ್ಲ. ಬಾಗಿಲಾಚೆ, ಸರೋವರದಿಂದ ಸಮುದ್ರಕ್ಕೆ ನದಿ ಹೊರಡುವ ಕಡೆಗೇ ನೋಡುತ್ತಾ ಕೂತ.

ಹಲಗೆ ನನ್ನ ಮಂಚದ ಕೆಳಗಿದೆ. ಒಲೆಗೆ ಹಾಕಬೇಕು. ತಿರುಗಿಸಿ ಸರಿಯಾಗಿ ಹೊಡೆದರೆ, ಈ ಸಲ ಶಾರ್ಕು ಬಂತೆಂದೇ ಅವನು ನಂಬಿಬಿಟ್ಟರೆ...