ಪರೀಕ್ಷೆಯ ದಿನದ ಸಾರು

ಅಕ್ಟೋಬರ್ 12, ಬೆಳಿಗ್ಗೆ

ಮತ್ತೆ ಕಡಲಸೊಪ್ಪಿನ ಸಾರು. ಹೆರಿಗೆಯಾದಾಗಿನಿಂದ ಮೂರು ಹೊತ್ತೂ ಇದೇ. ರಕ್ತ ಶುದ್ಧಿಯಾಗುತ್ತದೆ, ಹಾಲು ಇಳಿಯುತ್ತದೆ... ಇರಲಿ, ಬಾಣಂತಿ ಪಥ್ಯ, ಬೇಡ ಅನ್ನುವುದಿಲ್ಲ. ಅತ್ತೆ ವಾಂಡೋ ದ್ವೀಪದಿಂದ ಬರುವಾಗ ತಮಗಿಂತ ಉದ್ದದ ಒಣಸೊಪ್ಪಿನ ಕಟ್ಟು ಹೊತ್ತು ತಂದಿದ್ದಾರೆ. ಆದರೆ ಸಾರಿನೊಳಗಿನ ದನದ ಮಾಂಸ? ಅದು ಮಗನ ಬಟ್ಟಲಿಗೆ.

"ಪಾಪ, ದುಡಿಯೋ ಗಂಡ್ಸು ಕಣಮ್ಮ. ನಿನಗೆ ಸೊಪ್ಪೇ ಒಳ್ಳೇದು."

ಹೊಲಿಗೆ ಹಾಕಿಸಿಕೊಂಡವಳು ನಾನು. ನಡುವೆ ತೂತಿರುವ ದಿಂಬಿನ ಮೇಲೆ ಕೂತು, ನನ್ನ ಗಂಡ ಗಿಸೊಕ್ ಅಗಿಯುವುದನ್ನು ನೋಡಿದೆ. ಹೆತ್ತವಳಿಗೆ ಹೆಗ್ಗಣ ಮುದ್ದು.

ಅಕ್ಟೋಬರ್ 21

ಸೀನಿದೆ. ಮೂತ್ರ ಸೋರಿತು. ಕೆಮ್ಮಿದರೂ ಅಷ್ಟೇ, ಮಗು ಎತ್ತಿಕೊಂಡರೂ ಅಷ್ಟೇ. ನನ್ನ ಮೈ ನನ್ನ ಮಾತು ಕೇಳುತ್ತಿಲ್ಲ. ಬಾಗಿಲು ಹಾಕಿಕೊಂಡು ಗಿಸೊಕ್‌ಗೆ ಮಾತ್ರ ಹೇಳಿದೆ. ಯಾರಿಗೂ ಹೇಳಬೇಡಿ ಅಂದೆ. ಆಸ್ಪತ್ರೆಗೆ ಜೊತೆಗೆ ಬನ್ನಿ ಅಂದೆ.

"ಹೂಂ, ಪರೀಕ್ಷೆ ಮುಗೀಲಿ." ಆಫೀಸಿನ ಬಡ್ತಿ ಪರೀಕ್ಷೆ.

ಅಕ್ಟೋಬರ್ 29

ಬರೆಯಬಾರದು ಅಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಮಗು ನೋಡಲು ಇವರ ಆಫೀಸಿನವರು ಬಂದಿದ್ದರು. ಮೆಣಸಿನ ಘಾಟಿಗೆ ಸೀನಿದೆ. ಗಿಸೊಕ್ ಗ್ಲಾಸು ಎತ್ತಿ, "ಬೇಗ ಬಕೆಟ್ ತನ್ರೋ! ನಮ್ಮನೆ ನಲ್ಲಿ ವಾಷರ್ ಹೋಗಿದೆ!"

ಒಬ್ಬನಿಗೆ ಅರ್ಥವಾಗಲಿಲ್ಲ. ಇವರು ಬಿಡಿಸಿ ಹೇಳಿದರು. ಆಮೇಲೆ ಎಲ್ಲರೂ ನಕ್ಕರು. ಅತ್ತೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದರು. ಅವರೂ ನಕ್ಕಿರುತ್ತಾರೆ.

ಕ್ಷಮಿಸುವುದಿಲ್ಲ. ಇನ್ನು ಮೇಲೆ ಈ ಪುಸ್ತಕದಲ್ಲಿ ಅವನಿಗೆ ಬಹುವಚನವಿಲ್ಲ.

ನವೆಂಬರ್ 10

ಒಬ್ಬಳೇ ಆಸ್ಪತ್ರೆಗೆ ಹೋದೆ. ಕೆಳಗಿನ ಸ್ನಾಯು ಸೋತಿದೆಯಂತೆ, ಸರಿಹೋಗುತ್ತದಂತೆ. ಬಿಗಿಯಾಗಿ ಹಿಡಿಯಬೇಕು, ಬಿಡಬೇಕು, ದಿನವೂ. "ಯಾಕಮ್ಮಾ ಇಷ್ಟು ತಡ? ನಾಚಿಕೆನಾ?" ಅಂದರು ಡಾಕ್ಟರಮ್ಮ. ಬಸ್ಸಿನಲ್ಲೇ ಶುರು ಮಾಡಿದೆ. ಪಕ್ಕದವರಿಗೂ ತಿಳಿಯುವುದಿಲ್ಲ. ಒಳಗೊಳಗೇ ಮಾಡುವ ಕೆಲಸ ನನಗೆ ಚೆನ್ನಾಗಿ ಹೊಂದುತ್ತದೆ.

ಎಲ್ಲಿ ಹೋಗಿದ್ದೆ ಅಂತ ಅತ್ತೆ ಕೇಳಿದರು. ಹೇಳಿದೆ. ಎದ್ದು ಪಾತ್ರೆ ತೊಳೆಯಲು ಹೋದರು.

ನವೆಂಬರ್ 18

ನಾಳೆ ಪರೀಕ್ಷೆ. ತಿಂದರೆ ಪಾಸು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅಂತ ಅವನ ಗೆಳೆಯರು ಅಂಟು ಮಿಠಾಯಿ ಕೊಟ್ಟಿದ್ದಾರೆ. ಜಾರುವಂಥದ್ದು ಮಾತ್ರ ಬಾಯಿಗೆ ಸೋಕಬಾರದು. ಲೋಳೆಯಂತೆ ಜಾರುವ ಕಡಲಸೊಪ್ಪಿನ ಹೆಸರೇ ಎತ್ತುವ ಹಾಗಿಲ್ಲ — ಫೇಲಾದವನನ್ನು 'ಸೊಪ್ಪಿನ ಸಾರು ಕುಡಿದ' ಅಂತಲೇ ಆಡಿಕೊಳ್ಳುವ ಊರು ಇದು. ಅವನಂತೂ ಇದನ್ನೆಲ್ಲ ದೇವರಿಗಿಂತ ಹೆಚ್ಚು ನಂಬುತ್ತಾನೆ.

ಸೊಪ್ಪು ನೆನೆಹಾಕಿದೆ.

ನವೆಂಬರ್ 19, ಬೆಳಿಗ್ಗೆ

ದೊಡ್ಡ ಬಟ್ಟಲು. ಮಾಂಸವೆಲ್ಲ ಅವನಿಗೇ. ಮಾಡಿದ್ದುಣ್ಣೋ ಮಹಾರಾಯ.

ಟೈ ಕಟ್ಟುತ್ತ ಬಂದವನು ಬಟ್ಟಲು ನೋಡಿ ಬಿಳಿಚಿಕೊಂಡ. "ಅಮ್ಮಾ! ನೋಡಮ್ಮಾ, ಇವಳು ಮಾಡಿರೋದನ್ನ!"

ಅತ್ತೆ ಬಂದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. ಕುರ್ಚಿ ಎಳೆದು ಮಗನ ಎದುರು ಕೂತರು.

"ತಿನ್ನು."

"ಅಮ್ಮಾ, ಪರೀಕ್ಷೆ ಇದೆ!"

"ನಿನ್ನ ಹೆತ್ತು ವಾರ ಆಗಿರ್ಲಿಲ್ಲ, ದೋಣಿ ಹತ್ತಿ ಕಡಲಲ್ಲಿ ಸೊಪ್ಪು ಬೆಳೆಸೋ ಹಗ್ಗ ಎಳೆದೆ. ಅವತ್ತಿಂದ ಸೋರ್ತಾ ಇದೀನಿ ಕಣೋ, ಇವತ್ತಿಗೂ. ನಿಮ್ಮಪ್ಪ ಸಾಯೋ ತನಕ ಹೀಗೇ ನಾಲ್ಕು ಜನರ ಮುಂದೆ ಆಡ್ಕೊಂಡು ನಗ್ತಿದ್ದ. ತಿನ್ನೋ. ಒಂದೆಳೆನೂ ಬಿಡಬೇಡ."

ತಿಂದ. ಕಣ್ಣಲ್ಲಿ ನೀರು. ಅಯ್ಯೋ ಅನ್ನಿಸಲಿಲ್ಲ. ಹಿತವಾಗಿತ್ತು.

ಹತ್ತು ಗಂಟೆ

ಅವನು ಹೋದ. ಮಗು ಮಲಗಿದೆ. ಅತ್ತೆ ಪಕ್ಕದಲ್ಲಿ ಬಂದು ಕೂತು, ನೆಲ ನೋಡುತ್ತ, "ಆ ಡಾಕ್ಟ್ರಮ್ಮ ಹೇಳಿದ್ದು ನನಗೂ ಹೇಳ್ಕೊಡೇ" ಅಂದರು. "ಈ ವಯಸ್ಸಲ್ಲಿ ಆಗ್ತದಾ?"

"ಆಗ್ತದೆ ಅತ್ತೆ. ಬಿಗಿಯಾಗಿ ಹಿಡೀಬೇಕು."

"ಹಿಡಿಯೋವಾಗ ಏನು ನೆನೆಸ್ಕೋಬೇಕು?"

"ನಾನಂತೂ ನಿಮ್ಮ ಮಗನ ಕತ್ತು."

ನನ್ನ ತೂತಿನ ದಿಂಬನ್ನು ತಮ್ಮ ಕಡೆ ಎಳೆದುಕೊಂಡು ಕೂತರು.

"ಸತ್ತೋನ್ದಾದ್ರೂ ನಡೀತದಾ?"

ನಡೀತದೆ ಅಂದೆ. ಕಣ್ಣು ಮುಚ್ಚಿ ಕೂತಿದ್ದಾರೆ. ಮುಖ ಕೆಂಪೇರಿದೆ. ಈಗ ಬಿಡಿ ಅಂದೆ. ಬಿಡುತ್ತಿಲ್ಲ. ಸಾಕು ಅತ್ತೆ, ಬಿಡಿ ಅಂದರೂ —