ಬೀಗ ಹಾಕಿದ ಶಿಶುವಿಹಾರದ ಪ್ರಮಾಣಪತ್ರ

ಶಾಲಾ ಪ್ರವೇಶ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವೇ ಬೀಗ ಹಾಕಿಸಿದ ಶಿಶುವಿಹಾರದಿಂದ ಪ್ರಮಾಣಪತ್ರ ತಂದಿಲ್ಲ ಎಂಬ ಕಾರಣಕ್ಕೆ ನಿಮ್ಮ ಕಚೇರಿ ನನ್ನ ಮಗಳಿಗೆ ಒಂದನೇ ತರಗತಿಯ ಪ್ರವೇಶ ನಿರಾಕರಿಸಿದೆ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬರೆಯುವಾಗ ಏನಾದರೂ ಕೈತಪ್ಪಿತೇ ಎಂದು ನಾನೂ ಎರಡು ಸಲ ಓದಿಕೊಂಡೆ. ತಪ್ಪಿಲ್ಲ. ತಮಗೆ ಮೂರು ಅರ್ಜಿ ಕೊಟ್ಟೆ. ಮೂರರ ಮೇಲೂ 'ಸ್ವೀಕರಿಸಲಾಗಿದೆ' ಎಂಬ ಚೆಂದದ ನೀಲಿ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಆದ್ದರಿಂದ ಈಗ ದಮಿಯೆತ್ತಾ ಊರಿನ ಜನರೆಲ್ಲ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಮುದ್ರೆ ಒತ್ತುವ ಶ್ರಮವಾದರೂ ನಿಮಗೆ ಉಳಿಯಲಿ.

ನನ್ನ ಹೆಸರು ಇನ್ಶಿರಾಹ್. ಸೋಫಾ ಕುರ್ಚಿಗಳಿಗೆ ಮೆತ್ತೆ ಕಟ್ಟಿ ಬಟ್ಟೆ ಹೊದಿಸುವುದು ನನ್ನ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗಂಡ ಖಮೀಸ್ ಮೀನಿನ ದೋಣಿಯಲ್ಲಿದ್ದಾನೆ. ಹೋದರೆ ನಲವತ್ತು ದಿನ ಸಮುದ್ರ, ಬಂದರೆ ಹತ್ತು ದಿನ ಮನೆ. ಮಗಳು ವಿಸಾಲ್‌ಗೆ ಆರು ತುಂಬುತ್ತಿದೆ, ಮಗ ನೂಹ್‌ಗೆ ನಾಲ್ಕು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಶಿಶುವಿಹಾರವಿತ್ತು. ಎರಡು ವರ್ಷದ ಹಿಂದೆ ಅದರ ಮೆಟ್ಟಿಲಲ್ಲಿ ಬಿರುಕು ಕಂಡಿತೆಂದು ನಿಮ್ಮವರು ಬಂದು ಬಾಗಿಲು ಮುಚ್ಚಿ, 'ದುರಸ್ತಿ: ಎರಡು ತಿಂಗಳು' ಎಂಬ ಫಲಕ ನೇತುಹಾಕಿ ಹೋದರು. ಆ ಫಲಕದ ಹಿಂದೆ ಬೆಕ್ಕು ಮೂರು ಸಲ ಮರಿ ಹಾಕಿದೆ. ಮೇಸ್ತ್ರಿ ಮಾತ್ರ ಒಂದು ಸಲವೂ ಬಂದಿಲ್ಲ.

ಹೊಳೆಯಾಚೆಯ ಶಿಶುವಿಹಾರಕ್ಕೆ ಕಳಿಸಬಹುದಲ್ಲ ಎಂದು ನಿಮ್ಮ ಕಚೇರಿ ಸಲಹೆ ಕೊಟ್ಟಿತು. ಎಷ್ಟು ಉದಾರ ಮನಸ್ಸು! ಅದು ತೆರೆಯುವುದು ಒಂಬತ್ತಕ್ಕೆ, ಮುಚ್ಚುವುದು ಹನ್ನೆರಡಕ್ಕೆ. ಬಿಟ್ಟು ಮನೆಗೆ ಮರಳಲು ಒಂದು ಗಂಟೆ, ಕರೆತರಲು ಮತ್ತೆ ಅಲ್ಲಿಗೆ ಹೋಗಲು ಒಂದು ಗಂಟೆ. ನಡುವೆ ಉಳಿಯುವ ಒಂದು ಗಂಟೆಯಲ್ಲಿ ತಾಯಿಯಾದವಳು ಯಾವ ಕೆಲಸ ಮಾಡಬೇಕು, ಮಾನ್ಯರೇ? ಈ ವೇಳಾಪಟ್ಟಿಯನ್ನು ಬರೆದವರ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಯುವ ಆಸೆ ನನಗಿದೆ.

ಹೀಗಾಗಿ ನಾನೇ ಕಲಿಸಿದೆ. ಬೆಳಿಗ್ಗೆ ಬೇಯಿಸಿದ ಕಾಳಿನ ಫೂಲ್ ತಿನ್ನಿಸಿ, ಇಬ್ಬರನ್ನೂ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂರಿಸುತ್ತಿದ್ದೆ. ಅಲ್ಲಾದರೆ ಕತ್ತರಿ ಕೈಗೆ ಸಿಗುವುದಿಲ್ಲ. ನಾನು ಮೇಲೆ ಗುರುತು ಹಾಕುತ್ತ ಒಂದು ಅಕ್ಷರ ಹೇಳುವುದು, ಅವರು ಕೆಳಗೆ ನೆಲದ ಮೇಲೆ ದರ್ಜಿಯ ಸೀಮೆಸುಣ್ಣದಲ್ಲಿ ಬರೆಯುವುದು. ಒಂದು ಕುರ್ಚಿಗೆ ಎಷ್ಟು ಗುಂಡಿ, ಆರು ಕುರ್ಚಿಗೆ ಎಷ್ಟು ಎಂದು ಎಣಿಸುವುದು. ಸುತ್ತಿಗೆ ಬಡಿತಕ್ಕೆ ಸರಿಯಾಗಿ ವಾರದ ಹೆಸರು ಹೇಳುವುದು. ಒಂದು ದಿನ ಹಾಜಿ ಶುಕ್ರಿ, ನನಗೆ ಕೆಲಸ ಕೊಡುವ ವ್ಯಾಪಾರಿ, ಸೋಫಾಕ್ಕೆಂದು ಕತ್ತರಿಸಿಟ್ಟ ಹಸಿರು ಮಖಮಲ್ಲು ತೆಗೆದುಕೊಂಡು ಹೋಗಲು ಬಂದು ಅದರ ಮಡಿಕೆ ಬಿಚ್ಚಿದರೆ, ಹಿಂಬದಿಯ ತುಂಬ ವಿಸಾಲ್, ವಿಸಾಲ್, ವಿಸಾಲ್ ಎಂದು ಬರೆದಿತ್ತು.

"ಇದೇನಮ್ಮಾ ಇದು? ಮದುಮಗಳ ಮನೆಗೆ ಹೋಗೋ ಸೋಫಾ! ನಿನ್ ಮಗಳ ಹಾಜರಿ ಪುಸ್ತಕ ಅಂದ್ಕೊಂಡ್ಯಾ?" ಎಂದು ಅವರು ಗುಡುಗಿದರು.

ಮೇಜಿನ ಕೆಳಗಿಂದ ಉತ್ತರ ಬಂತು: "ಒಳಗಡೆ ಬರ್ದಿದೀನಿ ಅಜ್ಜ, ಯಾರಿಗೂ ಕಾಣಲ್ಲ. ಮೂರನೇದು ಚೆನ್ನಾಗಿ ಬಂದಿದೆ ನೋಡಿ."

ಹಾಜಿ ಬಗ್ಗಿ ನೋಡಿದರು. "ಹೌದಲ್ಲೇ, ಮೂರನೇದು ಚೆನ್ನಾಗಿದೆ" ಎಂದು ಮೀಸೆಯಲ್ಲೇ ನಕ್ಕರು. ನನ್ನ ಕಡೆ ತಿರುಗಿ, "ಜಾಡಿಸಿ ಕೊಡಮ್ಮಾ" ಎಂದಷ್ಟೇ ಹೇಳಿದರು. ಲೋಕದ ಯಾವ ಶಿಕ್ಷಣ ಇಲಾಖೆಯಲ್ಲೂ ಇಲ್ಲದ ಆ ಮುದುಕ ಅಂದು ನನ್ನ ಮಗುವಿನ ಅಕ್ಷರವನ್ನು ನೋಡಿದ್ದರು. ನಿಮ್ಮ ಇಲಾಖೆ ಇಂದಿಗೂ ನೋಡಿಲ್ಲ.

ಎಲ್ಲವೂ ಹೀಗೆ ಹೂವಿನಂತೆ ನಡೆಯಿತು ಎಂದು ಸುಳ್ಳು ಹೇಳಲಾರೆ. ಕೆಲಸ ಮೈಮೇಲೆ ಬಿದ್ದ ದಿನ ಫೋನು ಕೊಟ್ಟು ಸುಮ್ಮನಾಗಿಸಿದ್ದೇನೆ. ಒಂದೇ ಅಕ್ಷರವನ್ನು ಹತ್ತನೇ ಸಲ ಕೇಳಿದ್ದಕ್ಕೆ ನೂಹ್‌ನ ಬೆನ್ನಿಗೆ ಹೊಡೆದಿದ್ದೇನೆ. ಹೊಡೆದ ಕೈಯಲ್ಲೇ ಮತ್ತೆ ಮೊಳೆ ಹಿಡಿದಿದ್ದೇನೆ. ಚಳಿಗಾಲದಲ್ಲಿ ಒಮ್ಮೆ ನಾನು ಸ್ಪ್ರಿಂಗ್ ಕಟ್ಟುವುದರಲ್ಲಿ ಮುಳುಗಿದ್ದಾಗ, ಅವನು ನೆಲದ ಮೇಲಿನ ಮೊಳೆಯ ಮೇಲೆ ಅಂಗೈ ಊರಿದ. ರಕ್ತ ಕಂಡು ಅವನಿಗಿಂತ ಜೋರಾಗಿ ನಾನು ಅತ್ತೆ. ಚುಚ್ಚುಮದ್ದು ಹಾಕಿಸಿ ತಂದ ಮೇಲೆ ಒಂದು ವಾರ ಪಾಠವೂ ಇಲ್ಲ, ಸುತ್ತಿಗೆಯೂ ಇಲ್ಲ. ಎರಡು ಕೈಯಲ್ಲಿ ಎರಡು ಬದುಕು ಎಳೆಯುವವರಿಗೆ ಇಂಥ ವಾರಗಳು ಬರುತ್ತವೆ. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ಬಾಗಿಲು ಮುಚ್ಚಿದ್ದನ್ನು ನೀವು ಯಾವಾಗ ಒಪ್ಪಿಕೊಳ್ಳುತ್ತೀರಿ?

ಈಗ ಸಂದರ್ಶನದ ದಿನಕ್ಕೆ ಬರುತ್ತೇನೆ. ವಿಸಾಲ್ ಹಳದಿ ಫ್ರಾಕು ಹಾಕಿಕೊಂಡು, ದಾರಿಯುದ್ದಕ್ಕೂ ಅಂಗಡಿಗಳ ಫಲಕ ಓದುತ್ತ ಬಂದಳು. ನಿಮ್ಮ ಕಚೇರಿಯ ಮಹಿಳೆ ಚಿತ್ರದ ಕಾರ್ಡು ಎತ್ತಿ ಹಿಡಿದರು. ಅದರಲ್ಲಿ ಕುರ್ಚಿಯಿತ್ತು.

"ಇದೇನು ಹೇಳು ಪುಟ್ಟಿ?"

ಮಗಳು ಕತ್ತು ಓರೆ ಮಾಡಿ ನೋಡಿದಳು. "ಇದಕ್ಕೆ ಕೆಳಗೆ ಪಟ್ಟಿನೇ ಕಟ್ಟಿಲ್ಲ. ಕೂತ್ರೆ ಕುಸಿಯುತ್ತೆ."

ಅವರು ಕಾರ್ಡು ಕೆಳಗಿಟ್ಟು 'ಉತ್ತರಿಸಲಿಲ್ಲ' ಎಂದು ಗುರುತು ಹಾಕಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು: "ಶಿಶುವಿಹಾರದ ಸರ್ಟಿಫಿಕೇಟ್?"

"ಶಿಶುವಿಹಾರ ಮುಚ್ಚಿದೆ ಮೇಡಂ. ಮುಚ್ಚಿದ್ದು ನಿಮ್ಮೋರೇ."

"ಅದು ಕಟ್ಟಡ ವಿಭಾಗ. ನಾವು ಪ್ರವೇಶ ವಿಭಾಗ."

"ಮಗು ಎರಡು ವಿಭಾಗಕ್ಕೂ ಒಂದೇ ಅಲ್ವಾ? ಮನೇಲಿ ನಾನೇ ಕಲಿಸಿದೀನಿ. ಓದ್ತಾಳೆ, ಬರೀತಾಳೆ, ಕೇಳಿ ನೋಡಿ."

"ಮನೇಲಿ? ನೀವೇನು ಟೀಚರಾ?"

"ಸೋಫಾ ಹೊಲೀತೀನಿ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಪ್ರಮಾಣಪತ್ರ ಕಡ್ಡಾಯ ಎಂದು ಎಲ್ಲಿ ಬರೆದಿದೆ ಎಂದು ಕೇಳಿದೆ. ಮಹಿಳೆ ಗೋಡೆ ತೋರಿಸಿದರು. ಗೋಡೆಯ ಮೇಲೆ ಹೋದ ವರ್ಷದ ರಜಾಪಟ್ಟಿ ಇತ್ತು. ಆಮೇಲೆ ಅವರು ಕಡತದಲ್ಲಿ 'ಪ್ರಮಾಣಪತ್ರ ಇಲ್ಲದಿರಲು ಕಾರಣ' ಎಂಬ ಜಾಗದಲ್ಲಿ ಏನೋ ಬರೆದು, ಮುಚ್ಚುವ ಮೊದಲು ಶಾಯಿ ಆರಲೆಂದು ಬಿಟ್ಟರು. ನನ್ನ ಮಗಳು ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದಳು. ತಲೆಕೆಳಗಾದ ಆ ಬರಹದ ಮೇಲೆ ಬೆರಳು ಎಳೆಯುತ್ತ ಗಟ್ಟಿಯಾಗಿ ಓದಿದಳು:

"ತಾಯಿಯ... ನಿ... ನಿರ್... ಲಕ್ಷ್ಯ." ಓದಿ ಮುಗಿಸಿದ ಖುಷಿಯಲ್ಲಿ ನನ್ನತ್ತ ತಿರುಗಿದಳು. "ಅಮ್ಮಾ, ಹಂಗಂದ್ರೇನು?"

ಆ ಕೋಣೆಯಲ್ಲಿ ನಿಮ್ಮವರೇ ಐದು ಜನ ಇದ್ದರು, ಮಾನ್ಯರೇ. ಪ್ರಮಾಣಪತ್ರವಿಲ್ಲವೆಂದು ನೀವು ಹೊರಗಿಟ್ಟ ಹುಡುಗಿ ನಿಮ್ಮದೇ ಕಡತವನ್ನು ತಲೆಕೆಳಗಾಗಿ ಓದಿದ್ದನ್ನು ಐವರೂ ಕೇಳಿಸಿಕೊಂಡರು. ಒಬ್ಬರಾದರೂ ಲೇಖನಿ ಎತ್ತಿದರೇ? ಒಬ್ಬರಾದರೂ 'ಇನ್ನೊಂದು ಸಲ ಓದು ಮಗು' ಎಂದರೇ? ಮಹಿಳೆ ಕಡತವನ್ನು ರಪ್ಪನೆ ಮುಚ್ಚಿ, "ಮಕ್ಕಳಿಗೆ ಸರ್ಕಾರಿ ಕಾಗದ ಮುಟ್ಬಾರ್ದು ಅಂತ ಮೊದಲು ಕಲಿಸಿ. ಇದಾ ನೀವು ಹೇಳ್ಕೊಟ್ಟಿದ್ದು?" ಎಂದು ನನ್ನ ಮೇಲೆ ರೇಗಿದರು. ನಾನೂ ಸುಮ್ಮನಿರಲಿಲ್ಲ. ನಾನು ಏನೇನು ಹೇಳಿದೆ ಎಂಬುದನ್ನು ನಿಮ್ಮ ಕಾವಲುಗಾರ ಹೇಳಬಲ್ಲ. ಬಾಗಿಲ ತನಕ ಬಂದು ಬಿಟ್ಟವನು ಅವನೇ. ಹೊರಗೆ ಬಂದಾಗ ಅವನು ತಗ್ಗಿದ ದನಿಯಲ್ಲಿ, "ನನ್ ಮೊಮ್ಮಗಂದೂ ಇದೇ ಕಥೆ ತಾಯಿ. ಪೇಪರ್‌ಗೆ ಬರೀರಿ" ಎಂದ.

ಅಂದಿನಿಂದ ವಿಸಾಲ್ ಓದುವುದನ್ನು ಬಿಟ್ಟಿದ್ದಾಳೆ. ಬಸ್ಸಿನ ಮೇಲಿನ ಹೆಸರು ತೋರಿಸಿದರೆ ಬೇರೆ ಕಡೆ ನೋಡುತ್ತಾಳೆ. ಸೀಮೆಸುಣ್ಣ ಕೊಟ್ಟರೆ ತಮ್ಮನಿಗೆ ದಾಟಿಸುತ್ತಾಳೆ. ಮೊದಮೊದಲು ಹಟವೆಂದುಕೊಂಡೆ. ಹೋದ ಶುಕ್ರವಾರ ಖಮೀಸ್ ಸಮುದ್ರದಿಂದ ಬಂದವನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನನ್ ದೋಣಿ ಹೆಸರು ಓದ್ತೀಯಾ? ಫೋಟೋ ತಂದಿದೀನಿ" ಎಂದ. ಅವಳು ತುಟಿ ಬಿಗಿದಳು. ತುಂಬ ಹೊತ್ತು ಪುಸಲಾಯಿಸಿದ ಮೇಲೆ ಅವನ ಕಿವಿಯಲ್ಲಿ ಪಿಸುಗುಟ್ಟಿದಳು: "ನಾನು ಓದಿದ್ದಕ್ಕೇ ಅಮ್ಮಂಗೆ ಬೈದ್ರು ಅಪ್ಪಾ." ನಲವತ್ತು ದಿನ ಅಲೆಯ ಜೊತೆ ಗುದ್ದಾಡಿ ಬಂದ ಮನುಷ್ಯ ಎದ್ದು ಹಿತ್ತಲಿಗೆ ಹೋದ. ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ಅಲ್ಲೇ ಇದ್ದ.

ಎರಡು ವರ್ಷ ಮೇಜಿನ ಕೆಳಗೆ ಬೆಳೆಸಿದ್ದನ್ನು ನಿಮ್ಮ ಕಚೇರಿ ಹತ್ತು ನಿಮಿಷದಲ್ಲಿ ಮುಗಿಸಿತು. ಇಷ್ಟು ಚುರುಕಿನ ಕೆಲಸ ಆ ಬಿರುಕುಬಿಟ್ಟ ಮೆಟ್ಟಿಲಿನ ಮೇಲೆ ಏಕೆ ನಡೆಯಲಿಲ್ಲ?

ನನಗೆ ದಯೆ ಬೇಡ. 'ಆದರ್ಶ ತಾಯಿ' ಎಂಬ ಹೊಗಳಿಕೆಯೂ ಬೇಡ. ಶಾಲೆ ಆರಂಭವಾಗಲು ಮೂರು ವಾರವಿದೆ. ಅಷ್ಟರೊಳಗೆ ಪ್ರಮಾಣಪತ್ರದ ನೆಪದಲ್ಲಿ ನಮ್ಮ ಬೀದಿಯ ಯಾವ್ಯಾವ ಮಕ್ಕಳನ್ನು ಹಿಂದಕ್ಕೆ ಕಳಿಸಿದ್ದೀರೋ, ಅವರನ್ನೆಲ್ಲ ಮತ್ತೆ ಕರೆಯಿರಿ. ಶಿಶುವಿಹಾರಕ್ಕೆ ಮೇಸ್ತ್ರಿಯನ್ನು ಕಳಿಸಿ. ನನ್ನ ಮಗಳ ವಿಷಯದಲ್ಲಿ ಮಾತ್ರ ಗುಮಾಸ್ತರನ್ನು ಕಳಿಸಬೇಡಿ, ನೀವೇ ಬನ್ನಿ ಅಥವಾ ಅವಳನ್ನು ನಿಮ್ಮ ಕೋಣೆಗೆ ಕರೆಸಿ. ಅವಳ ಎತ್ತರಕ್ಕೆ ಬಗ್ಗಿ, "ನೀನು ಸರಿಯಾಗಿಯೇ ಓದಿದೆ ಮಗು, ತಪ್ಪಾಗಿ ಬರೆದದ್ದು ನಾವು" ಎಂದು ನಿಮ್ಮ ಬಾಯಿಂದ ಹೇಳಿ. ನಾನು ನೂರು ಸಲ ಹೇಳಿದೆ. ನಾನು ಬರೀ ಅಮ್ಮ, ಅವಳು ನಂಬುತ್ತಿಲ್ಲ.

ಇಂತಿ,
ಸರ್ಕಾರಿ ದಾಖಲೆಯ ಪ್ರಕಾರ ನಿರ್ಲಕ್ಷ್ಯದ ತಾಯಿ,
ಇನ್ಶಿರಾಹ್, ಸೋಫಾ ಹೊಲಿಯುವವಳು, ದಮಿಯೆತ್ತಾ