ಹಿಡಿಕೆಯಿಲ್ಲದ ಭಾರ

ತಾರೀಖು ನಾಲ್ಕು, ಮಂಗಳವಾರ

ಗುಬ್ಬಿ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ಈಗ ಸಮಾಧಾನವೇ? ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತು. ನೀನೋ, "ಕೂಗಾಡೋದಾದ್ರೆ ಫೋನ್ ಮಾಡ್ಬೇಡಿ ಮಾವ, ಹೇಳೋದೇನಿದ್ರೂ ಬರೆದು ಕಳಿಸಿ" ಅಂತ ಮೆಸೇಜು ಹಾಕಿ ಕೂತೆ. ಆಮೇಲೆ ನಾನು ಆರು ಸಲ ಫೋನು ಮಾಡಿದೆ. ನೀನು ಎತ್ತಲಿಲ್ಲ. ಹಟದಲ್ಲಿ ನೀನು ಥೇಟ್ ನಿನ್ನಮ್ಮ. ನನ್ನ ಬೆನ್ನಿಗೆ ಬಿದ್ದ ತಂಗಿ ಅವಳು, ನನಗೆ ಗೊತ್ತಿಲ್ಲವೇ?

ಬೆಳಗ್ಗೆಯಿಂದ ಮೂರು ಹಾಳೆ ಹರಿದು ಎಸೆದೆ. ಅಕ್ಷರ ಯಾಕೆ ಹಲಸಿನಕಾಯಿಯಷ್ಟು ದಪ್ಪ ಅಂತ ನಗಬೇಡ. ಅದರ ಮಾತು ಮುಂದೆ ಬರುತ್ತದೆ.

ಭಾನುವಾರ ನೀನು ಫೋನಿನಲ್ಲಿ ಕುಣಿದಾಡಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಗುರಿ ಮುಟ್ಟಿದೆ ಮಾವ! ನೀವು ಎರಕ ಹೊಯ್ದುಕೊಟ್ಟ ಇಪ್ಪತ್ನಾಲ್ಕು ಕೆಜಿ ಗುಂಡಿನ ಜೋಡಿ, ನೆಲದಿಂದ ಎದೆಗೆ, ಕೂತು ಎದ್ದೆ, ಐದು ಸಲ! ಎರಡೂ ಸೇರಿ ನಲವತ್ತೆಂಟು, ಅಮ್ಮನ ತೂಕ ಬರೀ ನಲವತ್ತೇಳು!" ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಹುಡುಗಿ, ಎಂಟು ತಿಂಗಳ ಹಿಂದೆ ನೀರಿನ ಕ್ಯಾನು ಎತ್ತಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದವಳು. ಹೊಗಳಬೇಕಿತ್ತು. ನಾನು "ಅದೇನು ಮಹಾ, ಸುಮ್ಮನಿರು" ಅಂದೆ. ನೀನು, "ಹದಿನೈದಕ್ಕೆ ಅಮ್ಮನನ್ನ ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರೆ, ಈಗಲಾದ್ರೂ ಒಂದು ಒಳ್ಳೇ ಮಾತಾಡಿ" ಅಂದೆ. ನಾನು ಕೂಗಾಡಿ ಫೋನು ಇಟ್ಟೆ. ಮಾವನಿಗೆ ಹೊಟ್ಟೆಕಿಚ್ಚು ಅಂದುಕೊಂಡಿರುತ್ತೀ. ಅಂದುಕೋ. ನಿಜ ಅದಕ್ಕಿಂತ ಕೆಟ್ಟದ್ದು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಜಿಮ್ಮಿನ ಟೀಚರಮ್ಮ ಮುಂದಿನ ತಾಲೀಮಿಗೆ ಮೂರು ದಾರಿ ಬರೆದುಕೊಟ್ಟ ಕಾಗದ ಈಗ ನನ್ನ ಮುಂದಿದೆ. ಒಂದನೆಯದು, ಇನ್ನೂ ದೊಡ್ಡ ಕೆಟಲ್‌ಬೆಲ್, ಅದೇ ಹಿಡಿಕೆಯ ಗುಂಡು, ಇಪ್ಪತ್ತೆಂಟು ಕೆಜಿಯದು, ಎಂಟು ವಾರ. ಸರ್ಕಸ್ಸಿಗೆ ಸೇರುವವರಿಗೆ ಸರಿ. ಎರಡನೆಯದು, ಇರುವ ಗುಂಡನ್ನೇ ದಿನಕ್ಕೆ ಮುನ್ನೂರು ಸಲ ಬೀಸುವುದು. ದಮ್ಮು ಹೆಚ್ಚುತ್ತದಂತೆ. ಹೆಚ್ಚಲಿ, ಆದರೆ ನಿನ್ನಮ್ಮನನ್ನು ನೀನು ಬೀಸಬೇಕಾಗಿಲ್ಲ. ಮೂರನೆಯದು, ಉದ್ದ ಸರಳಿಗೆ ಎರಡು ಕಡೆ ಚಕ್ರ ಸಿಕ್ಕಿಸಿ ಎತ್ತುವುದು. ಆ ಸರಳಿಗೆ ಎರಡು ಕಡೆಯೂ ಸಮ ತೂಕ. ಲಕ್ವ ಹೊಡೆದ ಮೇಲೆ ನಿನ್ನಮ್ಮನ ಬಲಗಡೆ ಹೆಣಭಾರ. ಎಡಗೈಯಲ್ಲಿ ಸಿಕ್ಕಿದ್ದನ್ನು ಗಬಕ್ಕನೆ ಹಿಡಿದು ಬಿಡುವುದಿಲ್ಲ. ಯಾವ ಸರಳು ನಿನ್ನ ಜಡೆ ಹಿಡಿದು ಎಳೆದೀತು?

ಮೂರೂ ಬೇಡ. ಯಾಕೆ ಅಂದರೆ ನೀನು ಗುರಿಯನ್ನೇ ಮುಟ್ಟಿಲ್ಲ.

ಈ ಸಾಲು ಬರೆಯಲು ಮೂರು ಹಾಳೆ ಹಿಡಿಯಿತು. ಇನ್ನು ಹರಿಯುವುದಿಲ್ಲ.

ನಿನ್ನ ಆ ಇಪ್ಪತ್ನಾಲ್ಕರ ಜೋಡಿ ಇಪ್ಪತ್ನಾಲ್ಕಲ್ಲ. ಒಂದೊಂದೂ ಇಪ್ಪತ್ತೂಕಾಲು ಕೆಜಿ. ಎರಡೂ ಸೇರಿ ನಲವತ್ತೂವರೆ. ನಂಬದಿದ್ದರೆ ನಿನ್ನ ಗ್ರಂಥಾಲಯದಲ್ಲಿ ರದ್ದಿ ತೂಗುವ ತಕ್ಕಡಿ ಇದೆಯಲ್ಲ, ಅದರ ಮೇಲೆ ಇಟ್ಟು ನೋಡು.

ಹೇಗಾಯಿತು ಅಂದರೆ, ಕೇಳು. ತೂಕ ಬದಲಾದರೂ ಗಾತ್ರ ಬದಲಾಗಬಾರದು, ಕೈಗೆ ಒಂದೇ ಅಳತೆ ರೂಢಿಯಾಗಬೇಕು ಅಂತ ನೀನೇ ಕೇಳಿದ್ದೆ. ಅದಕ್ಕೆ ನಾನು ಒಂದೇ ಅಚ್ಚು ಮಾಡಿಟ್ಟುಕೊಂಡೆ. ಹಗುರ ಬೇಕಾದಾಗ ಅಚ್ಚಿನ ನಡುವೆ ಮರಳಿನ ಗಟ್ಟಿ ಉಂಡೆ ಇಡುತ್ತೇವೆ. ಕೋರ್ ಅನ್ನುತ್ತೇವೆ ಅದಕ್ಕೆ. ಕಬ್ಬಿಣ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಆಮೇಲೆ ತಳದ ತೂತಿನಿಂದ ಮರಳು ಕುಟ್ಟಿ ತೆಗೆದರೆ ಒಳಗೆ ಟೊಳ್ಳು. ಉಂಡೆ ದೊಡ್ಡದಾದಷ್ಟೂ ಗುಂಡು ಹಗುರ. ಹೊರಗೆ ನೋಡಿದರೆ ಹನ್ನೆರಡೂ ಒಂದೇ, ಇಪ್ಪತ್ನಾಲ್ಕೂ ಒಂದೇ. ಹೊಟ್ಟೆಯೊಳಗೆ ಏನಿದೆ ಅಂತ ಎರಕ ಹೊಯ್ದವನಿಗೆ ಮಾತ್ರ ಗೊತ್ತು.

ನೀನು ಇಪ್ಪತ್ತರ ಜೋಡಿಯನ್ನು ಕಷ್ಟಪಟ್ಟು ಗೆದ್ದು, ಕರಗಿಸಿ ಇನ್ನೂ ಭಾರದ್ದು ಮಾಡಿಕೊಡಿ ಅಂತ ತಂದುಕೊಟ್ಟೆ. ಎರಕದ ದಿನ ನಾನು ಇಪ್ಪತ್ತರ ಕೋರನ್ನೇ ಇಪ್ಪತ್ನಾಲ್ಕು ಅಂತ ಗುರುತು ಒತ್ತಿದ ಅಚ್ಚಿಗೆ ಇಟ್ಟೆ. ಎರಡು ಉಂಡೆಗೂ ಇರುವ ವ್ಯತ್ಯಾಸ ಬೆರಳ ದಪ್ಪದಷ್ಟು. ಮೊದಲಾದರೆ ಕತ್ತಲಲ್ಲೂ ಮುಟ್ಟಿ ಹೇಳುತ್ತಿದ್ದೆ. ಈಗ ಬೆರಳು ಸುಟ್ಟು ದಡ್ಡುಗಟ್ಟಿದೆ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಫೌಂಡ್ರಿ ಯಜಮಾನ ನನ್ನನ್ನು ಕುಲುಮೆಯ ಹತ್ತಿರ ಬಿಡುತ್ತಿರಲಿಲ್ಲ. ನಿವೃತ್ತನಾದ ಮೇಲೂ ವಾರಕ್ಕೊಂದು ದಿನ ಅಲ್ಲಿ ನಿಂತು ಆ ಕೆಂಪು ನೋಡದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ತಣ್ಣಗಾದ ಮೇಲೆ ತೂಗಿದೆ. ಗೊತ್ತಾಯಿತು. ಕಸುಬಿನವನಾದರೆ ಸುತ್ತಿಗೆ ತೆಗೆದುಕೊಂಡು ಎರಡನ್ನೂ ಅಲ್ಲೇ ಒಡೆದು ಮತ್ತೆ ಕುಲುಮೆಗೆ ಹಾಕಬೇಕು. ನಲವತ್ತು ವರ್ಷದಲ್ಲಿ ತಪ್ಪಿದ ಎರಕವನ್ನು ಒಂದೂ ಹೊರಗೆ ಬಿಟ್ಟವನಲ್ಲ ನಾನು. ಸುತ್ತಿಗೆ ತೆಗೆದೆ ಕೂಡ. ಅಷ್ಟರಲ್ಲಿ ಗೇಟಿನ ಹತ್ತಿರ ನೀನು ಬಂದು ನಿಂತಿದ್ದೆ. ಆಸ್ಪತ್ರೆಯಿಂದ ನೇರ ಬಂದಿದ್ದೆ. ಕಣ್ಣು ಊದಿತ್ತು. ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವಾಗ ಅಮ್ಮ ಕಿರುಚಿದಳು, ಇನ್ನು ಆ ವಾರ್ಡಿನಲ್ಲಿ ಒಂದು ತಿಂಗಳೂ ಇಡಲಾರೆ ಅಂದೆ. ಗುಂಡಿನ ಮೇಲೆ ಅಚ್ಚೊತ್ತಿದ ಇಪ್ಪತ್ನಾಲ್ಕನ್ನು ಬೆರಳಲ್ಲಿ ಸವರಿದೆ. ಎತ್ತಿ ನೋಡಿದೆ. "ಅಯ್ಯೋ ಮಾವ, ಇದು ನಾನಂದುಕೊಂಡಷ್ಟು ಭಾರ ಇಲ್ಲ!" ಅಂತ ನಕ್ಕೆ. ನಿನ್ನಮ್ಮ ಬಿದ್ದ ಮೇಲೆ ನೀನು ನಕ್ಕಿದ್ದನ್ನು ಅವತ್ತೇ ನೋಡಿದ್ದು.

ನಾನು ಸುತ್ತಿಗೆ ಕೆಳಗಿಟ್ಟೆ. ಒಂದು ತಿಂಗಳು ಉತ್ಸಾಹದಲ್ಲಿ ಎತ್ತಲಿ, ಆಮೇಲೆ ಏನೋ ಸಬೂಬು ಹೇಳಿ ಬದಲಾಯಿಸಿದರಾಯಿತು ಅಂದುಕೊಂಡೆ. ಸಮಯವಿದೆ ಅಂದುಕೊಂಡೆ. ವಾರ್ಡಿನವರು ಮನೆಗೆ ಕಳಿಸುವ ತಾರೀಖನ್ನು ಇಷ್ಟು ಬೇಗ ಇಡುತ್ತಾರೆ ಅಂತ ನನಗೇನು ಕನಸು ಬಿದ್ದಿತ್ತೇ?

ಅವರ ಕಾನೂನು ನನಗೆ ಗೊತ್ತು. ಮನೆಯವರೊಬ್ಬರು ನರ್ಸಮ್ಮನ ಎದುರಿಗೆ ರೋಗಿಯನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಮೂರು ಸಲ ಸಾಗಿಸಿ ತೋರಿಸಬೇಕು. ತೋರಿಸಿದರೆ ಮನೆಗೆ. ಇಲ್ಲದಿದ್ದರೆ ಹಿಂದಿನ ಕಟ್ಟಡದ ಉದ್ದ ವಾರ್ಡಿಗೆ. ಆ ವಾರ್ಡಿಗೆ ನಾನೂ ಹೋಗಿ ಬಂದಿದ್ದೇನೆ. ಮೂವತ್ತು ಮಂಚ, ಇಬ್ಬರು ಆಯಾಗಳು, ಒಂದೇ ಕಿಟಕಿ. ಅಲ್ಲಿಗೆ ಹೋದವರು ನಡೆದು ಹೊರಗೆ ಬಂದದ್ದನ್ನು ಕಂಡವರಿಲ್ಲ. ಈ ಪತ್ರ ಓದಿ ನೀನು ಹಿಂಜರಿದರೆ ನನ್ನ ತಂಗಿ ಅಲ್ಲಿಗೇ ಹೋಗಬಹುದು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ನೀನು ಹದಿನೈದಕ್ಕೆ ಎತ್ತಿಯೇ ಎತ್ತುತ್ತೀ. ಎಲ್ಲರೂ ನೋಡುತ್ತಿರುವಾಗ ಮನುಷ್ಯನಿಗೆ ಎಲ್ಲಿಂದಲೋ ಬಲ ಬರುತ್ತದೆ. ಆ ದಿನದ ಭಯ ನನಗಿಲ್ಲ. ಅವಳು ಮನೆಗೆ ಬಂದ ಇಪ್ಪತ್ತನೇ ದಿನದ ಭಯ. ನೀನು ಕೆಲಸದಿಂದ ಬಂದಿರುತ್ತೀ. ಅವಳಿಗೆ ಬಚ್ಚಲಿಗೆ ಅವಸರವಾಗಿರುತ್ತದೆ. ಮೈ ಬೆವರಿರುತ್ತದೆ, ನೆಲ ಒದ್ದೆಯಿರುತ್ತದೆ, ನೋಡುವವರು ಯಾರೂ ಇರುವುದಿಲ್ಲ. ನನ್ನವಳು, ನಿನ್ನತ್ತೆ, ಬಚ್ಚಲಲ್ಲಿ ಬಿದ್ದದ್ದು ನಿನಗೆ ನೆನಪಿರಬೇಕು. ಆಗ ನಿನಗೆ ಹದಿಮೂರು. ಆ ಮಾತು ಈಗ ಬೇಡ.

ಇನ್ನೊಂದು. ಗುಂಡನ್ನು ಎತ್ತುವಾಗ ನಿನ್ನ ಗಮನವೆಲ್ಲ ಮೇಲೆ ಹೋಗುವುದರಲ್ಲಿ. ಇಳಿಸುವಾಗ ನೀನು ದೊಪ್ಪನೆ ಬಿಡುತ್ತೀ, ನಾನು ನೋಡಿದ್ದೇನೆ. ಕಬ್ಬಿಣಕ್ಕೆ ನೋವಿಲ್ಲ, ನೆಲಕ್ಕೆ ಗೋಣಿಚೀಲ ಹಾಸಿದ್ದೀ. ಟೀಚರಮ್ಮನೂ ಎತ್ತಿದ್ದನ್ನು ಎಣಿಸುತ್ತಾಳೆ, ಇಳಿಸಿದ್ದನ್ನು ಎಣಿಸುವುದಿಲ್ಲ. ಮನುಷ್ಯರು ಎತ್ತುವಾಗ ಬೀಳುವುದು ಕಡಿಮೆ ಗುಬ್ಬಿ. ಇಳಿಸುವಾಗ ಬೀಳುತ್ತಾರೆ. ಆಯಿತು, ಬಂದೇಬಿಟ್ಟೆವು ಅಂತ ಕೈ ಸಡಿಲವಾಗುತ್ತದಲ್ಲ, ಆಗ.

ಅದಕ್ಕೇ ನಿನ್ನ ಮುಂದಿನ ತಾಲೀಮು ನಾನು ಹೇಳುತ್ತೇನೆ. ಲಾರಿ ಟಾರ್ಪಾಲಿನ ದಪ್ಪ ಬಟ್ಟೆಯಲ್ಲಿ ಒಂದು ಚೀಲ ಹೊಲಿದಿದ್ದೇನೆ. ಸೂಜಿಗೆ ದಾರ ಪೋಣಿಸಿಕೊಟ್ಟವಳು ಪಕ್ಕದ ಮನೆಯಾಕೆ, ಹೊಲಿದವನು ನಾನು. ಅದಕ್ಕೆ ಫೌಂಡ್ರಿಯ ಮರಳು ತುಂಬಿದ್ದೇನೆ. ಈಗ ಮೂವತ್ತು ಕೆಜಿ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಅವನ ಕೈಯಿಂದಲೇ ತೂಗಿಸಿ, ಅವನ ಬಾಯಿಂದಲೇ ಓದಿಸಿದ್ದೇನೆ. ನನ್ನ ಕಣ್ಣನ್ನು ನಂಬಿಲ್ಲ. ಐದೈದು ಕೆಜಿಯ ಸಣ್ಣ ಚೀಲ ನಾಲ್ಕು ಬೇರೆ ಇವೆ, ಒಳಗೆ ಸೇರಿಸುತ್ತಾ ಹೋಗು. ಐವತ್ತು ಮುಟ್ಟುವ ತನಕ ನಿಲ್ಲಿಸಬೇಡ. ಅದಕ್ಕೆ ಹಿಡಿಕೆ ಇಟ್ಟಿಲ್ಲ. ಮರೆತಿದ್ದಲ್ಲ. ನಿನ್ನಮ್ಮನಿಗೂ ಹಿಡಿಕೆ ಇಲ್ಲ. ಎತ್ತಿದರೆ ಮರಳು ಒಂದು ಕಡೆಗೆ ಜಾರುತ್ತದೆ, ಎದೆಗೆ ಅವುಚಿಕೊಳ್ಳದಿದ್ದರೆ ಕೈಯಲ್ಲಿ ನಿಲ್ಲುವುದಿಲ್ಲ. ಅದನ್ನು ಮಂಚದಿಂದ ಕುರ್ಚಿಗೆ ಇಳಿಸು. ಹತ್ತು ಎಣಿಸುತ್ತಾ ಇಳಿಸು. ಚೀಲ ಕುರ್ಚಿಗೆ ತಾಗಿದ ಸದ್ದು ನಿನ್ನ ಕಿವಿಗೆ ಬಿದ್ದರೆ ಅದು ಲೆಕ್ಕಕ್ಕಿಲ್ಲ. ಕೆಲಸ ಮುಗಿಸಿ, ಸುಸ್ತಾಗಿ, ಸಿಟ್ಟು ಬಂದಿರುವಾಗ ಮಾಡು. ಒಂದು ಸಲ ಬಟ್ಟೆ ಒದ್ದೆ ಮಾಡಿಕೊಂಡು ಮಾಡು.

ಸದ್ದಿಲ್ಲದೆ ಇಳಿಸುವ ತನಕ ಒಬ್ಬಳೇ ಅವಳನ್ನು ಮುಟ್ಟಕೂಡದು. ನರ್ಸಮ್ಮನ ಹತ್ತಿರ ಹೋಗಿ ಮೂರು ವಾರ ಹೆಚ್ಚು ಕೇಳು. ಕಾರಣ ಕೇಳಿದರೆ ನನ್ನ ತಲೆಗೆ ಕಟ್ಟು. ಮುದುಕ ಕುರುಡ, ಗುಂಡಿನ ತೂಕದಲ್ಲಿ ಮೋಸ ಮಾಡಿದ ಅನ್ನು. ಬೇಕಿದ್ದರೆ ನಾನೇ ಬಂದು ಅವರ ಮೇಜಿನ ಮುಂದೆ ನಿಂತು ಹೇಳುತ್ತೇನೆ, ಕೂಗಾಡದೆ. ಅವರು ಒಪ್ಪದಿದ್ದರೆ ಮನೆಗೆ ಕರೆತಾ. ಆದರೆ ಎರಡನೇ ಜೋಡಿ ಕೈ ಇಲ್ಲದೆ ಎತ್ತಬೇಡ. ನನ್ನ ಕೈ ಕೇಳಬೇಡ. ಅದು ಎತ್ತುವ ಕೈಯಲ್ಲ ಈಗ. ನಿನ್ನ ಕೆಳಮನೆಯ ಬಸ್ ಡ್ರೈವರನ ಹೆಂಡತಿ ಗಟ್ಟಿ ಹೆಂಗಸು, ಅವಳನ್ನು ಕೇಳು. "ನನಗೆ ಯಾರ ಹಂಗೂ ಬೇಡ" ಅನ್ನಬೇಡ. ಹಾಗೆ ಅಂದವರನ್ನು ನಾನು ಕಂಡಿದ್ದೇನೆ.

ಆ ಎರಡು ಗುಂಡನ್ನು ವಾಪಸು ಕಳಿಸು. ಒಡೆಯಬೇಕು. ಯಜಮಾನನಿಗೆ ನಿನ್ನೆ ಕಣ್ಣಿನ ವಿಷಯ ಹೇಳಿದೆ. ಅವನು ನನ್ನ ಚರ್ಮದ ಏಪ್ರನ್ನು ಮೊಳೆಯಿಂದ ತೆಗೆದು ಮಡಿಸಿ ಕೈಗೆ ಕೊಟ್ಟ. ಒಡೆಯಲು ಮಾತ್ರ ಬರುತ್ತೇನೆ ಅಂದಿದ್ದೇನೆ. ಅದಕ್ಕೆ ಕಣ್ಣು ಬೇಕಿಲ್ಲ.

ನೀನು ನನ್ನನ್ನು ಕ್ಷಮಿಸಬೇಕು ಅಂತ ಬರೆದಿಲ್ಲ. ಅದು ನಿನ್ನಿಷ್ಟ.

ಇಂತಿ,
ನಿನ್ನ ಎರಕದ ಮಾವ

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಬಿಚ್ಚಿದ್ದೇನೆ.

ನಿನ್ನತ್ತೆ ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಎರಡು ವರ್ಷ ಸೊಂಟ ಬಿದ್ದು ಮಲಗಿದ್ದವಳು ತಾನಾಗಿ ಎದ್ದು ಹೇಗೆ ಹೋದಾಳು? ಅದನ್ನು ಯಾರೂ ಕೇಳಲಿಲ್ಲ. ದಿನಾ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ಅವತ್ತು ಬೆಳಗ್ಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಕಾಲ ಕಡೆ ನಾನು ಹಿಡ್ಕೊಳ್ಲಾ ಅಣ್ಣ?" ಅಂದಳು. "ಜೀವಮಾನವೆಲ್ಲಾ ಕಬ್ಬಿಣ ಎತ್ತಿದೋನಿಗೆ ಹೆಂಡ್ತಿ ಭಾರವೇನಮ್ಮ?" ಅಂತ ನಕ್ಕು ಕಳಿಸಿದೆ. ಎತ್ತಿದ್ದು ಸರಿಯಾಗಿಯೇ ಎತ್ತಿದೆ. ಸ್ಟೂಲಿನ ಮೇಲೆ ಇಳಿಸುವಾಗ ಕೈ ಬಿಟ್ಟಿತು. ಎಲ್ಲರಿಗೂ, ನನ್ನ ಮಾತು ಕೇಳದೆ ತಾನೇ ತೆವಳಿಕೊಂಡು ಹೋಗಿ ಬಿದ್ದಳು ಅಂತ ಹೇಳಿದೆ. ನಿನ್ನಮ್ಮ ಅವಳ ಮಂಚದ ಹತ್ತಿರ ಕೂತು, ಅಷ್ಟು ಹಟ ಯಾಕತ್ತಿಗೆ ನಿಮಗೆ ಅಂತ ಬೈದಳು. ನಾನು ಅಲ್ಲೇ ನಿಂತಿದ್ದೆ. ನಿನ್ನತ್ತೆ ನನ್ನ ಮುಖ ನೋಡಿ, "ಹೌದು, ನನ್ನದೇ ತಪ್ಪು" ಅಂದಳು. ಆಮೇಲೆ ಒಂಬತ್ತು ದಿನ ಬದುಕಿದ್ದಳು. ಆ ಮಾತು ಬದಲಾಯಿಸಲಿಲ್ಲ.

ಇದನ್ನು ನಿನ್ನಮ್ಮನಿಗೆ ಓದಿ ಹೇಳು. ಅವಳಿಗೆ ಮಾತು ಹೋಗಿದೆ, ಕಿವಿ ಕೇಳುತ್ತದೆ.

ಗುಂಡು ತೂಗಿದೆಯಾ, ನರ್ಸಮ್ಮ ಏನಂದರು, ಎರಡನೇ ಜೋಡಿ ಕೈ ಯಾರದು: ಈ ಮೂರಕ್ಕೂ ಹನ್ನೊಂದನೇ ತಾರೀಖಿನೊಳಗೆ ಉತ್ತರ ಬರಬೇಕು.